ತೀರ್ಪು ಬಂದ ಮೇಲೆ: ಎಣ್ಮಕಜೆಯ ಹಕ್ಕು ಮತ್ತು ಪಟ್ಟಿಯಲ್ಲಿ ಒಂದು ಹೆಸರು

ಕಾಸರಗೋಡು ಜಿಲ್ಲೆಯ ಈಶಾನ್ಯ ಅಂಚಿನಲ್ಲಿ, ಕರ್ನಾಟಕದ ಗಡಿಗೆ ತಾಗಿಕೊಂಡಿರುವ ಎಣ್ಮಕಜೆ ಪಂಚಾಯತನ್ನು ಹೊರಜಗತ್ತು ಗುರುತಿಸುವುದು ಎಂಡೋಸಲ್ಫಾನ್ ಎಂಬ ಒಂದೇ ಪದದಿಂದ. ಪಡ್ರೆ, ಸ್ವರ್ಗ, ವಾಣೀನಗರ ಮುಂತಾದ ಹೆಸರುಗಳು ಸುಪ್ರೀಂ ಕೋರ್ಟಿನಿಂದ ಜಿನೀವಾದ ಸಮ್ಮೇಳನದವರೆಗೆ ಚರ್ಚೆಯಾದ ಒಂದು ದುರಂತದೊಡನೆ ಬೆಸೆದುಕೊಂಡಿವೆ. ದುರಂತದ ಕಥೆಯನ್ನು ಅನೇಕರು ಬರೆದಿದ್ದಾರೆ. ಅದರ ಮುಂದಿನ ಅಧ್ಯಾಯವನ್ನು, ಅಂದರೆ ಪರಿಹಾರದ ಹಕ್ಕು ಕಾಗದದಿಂದ ಮನೆಯ ಹೊಸ್ತಿಲವರೆಗೆ ಬರುವ ದಾರಿಯನ್ನು ಕುರಿತು ನಮ್ಮ ಭಾಷೆಯಲ್ಲಿ ಬಂದ ಬರಹಗಳು ಕಡಿಮೆ. ಕನ್ನಡ ಮಾಧ್ಯಮ ಶಾಲೆಗೆ ಮಕ್ಕಳನ್ನು ಕಳುಹಿಸುವ ಮನೆಗಳಿಗೆ ಆ ದಾರಿಯ ಪರಿಚಯ ಅಗತ್ಯವೆಂದು ಭಾವಿಸಿ ಈ ಲೇಖನ.

ಆಕಾಶದಿಂದ ಬಂದ ಅನ್ಯಾಯ

1956ರ ನವೆಂಬರ್ 1ರಂದು ರಾಜ್ಯಗಳು ಭಾಷಾವಾರು ಮರುವಿಂಗಡಣೆಯಾದಾಗ, ಅಲ್ಲಿಯವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿದ್ದ ಈ ಪ್ರದೇಶವು ಕೇರಳಕ್ಕೆ ಸೇರಿತು. ಇಲ್ಲಿನ ಜನ ತಮ್ಮ ಮನೆಯಿಂದ ಒಂದು ಹೆಜ್ಜೆಯನ್ನೂ ಕದಲಿರಲಿಲ್ಲ. ಅವರ ಆಡಳಿತದ ಭಾಷೆ ಮಾತ್ರ ಬದಲಾಯಿತು. ಮುಂದೆ, ಸರಕಾರಿ ಸ್ವಾಮ್ಯದ ಪ್ಲಾಂಟೇಶನ್ ಕಾರ್ಪೊರೇಶನ್ ಆಫ್ ಕೇರಳ ಎಂಬ ನಿಗಮದ ಗೇರುತೋಟಗಳಿಗೆ ಚಹಾ ಸೊಳ್ಳೆ ಎಂಬ ಕೀಟದ ಬಾಧೆಯನ್ನು ತಡೆಯುವ ಉದ್ದೇಶದಿಂದ ಎಪ್ಪತ್ತರ ದಶಕದ ಕೊನೆಯಿಂದ 2000ದವರೆಗೆ, ಎರಡು ದಶಕಗಳಿಗೂ ಮಿಕ್ಕಿ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಗೇರುತೋಟಗಳು ಗುಡ್ಡದ ಮೇಲೆ. ಮನೆ, ಬಾವಿ, ಸುರಂಗ, ತೋಡು ಎಲ್ಲವೂ ಗುಡ್ಡದ ಬುಡದಲ್ಲಿ. ಮೇಲೆ ಸುರಿದದ್ದು ಮಳೆನೀರಿನೊಡನೆ ಕೆಳಗಿಳಿಯದೆ ಬೇರೆ ದಾರಿಯಿರಲಿಲ್ಲ.

ಮೊದಲು ಎಚ್ಚರಿಸಿದವರು ಊರವರೇ. ಅಂಗವೈಕಲ್ಯದೊಡನೆ ಹುಟ್ಟಿದ ಕರುಗಳ ವಿಚಾರವನ್ನು ಪತ್ರಕರ್ತ ಶ್ರೀಪಡ್ರೆಯವರು ಬಹಳ ಹಿಂದೆಯೇ ಬರೆದರು. ವಾಣೀನಗರದ ವೈದ್ಯ ಡಾ. ವೈ. ಎಸ್. ಮೋಹನಕುಮಾರರು ತಮ್ಮ ಬಳಿ ಬರುವ ರೋಗಿಗಳಲ್ಲಿ ಕ್ಯಾನ್ಸರ್, ನರದೌರ್ಬಲ್ಯ, ಮಕ್ಕಳ ಬುದ್ಧಿಮಾಂದ್ಯಗಳು ಅಸಹಜ ಪ್ರಮಾಣದಲ್ಲಿರುವುದನ್ನು ಗುರುತಿಸಿ ಲೋಕದ ಗಮನಕ್ಕೆ ತಂದರು. ಜಿಲ್ಲೆಯ ದಕ್ಷಿಣ ಭಾಗದ ಪೆರಿಯದಲ್ಲಿ ಕೃಷಿ ಇಲಾಖೆಯ ಉದ್ಯೋಗಿಯಾಗಿದ್ದ ಲೀಲಾಕುಮಾರಿ ಅಮ್ಮನವರು 1998ರಲ್ಲಿ ಹೊಸದುರ್ಗದ ಮುನ್ಸಿಫ್ ನ್ಯಾಯಾಲಯಕ್ಕೆ ಹೋಗಿ ವಾಯುಸಿಂಪಡಣೆಗೆ ತಡೆಯಾಜ್ಞೆ ತಂದರು. ಒಂದು ದೊಡ್ಡ ನಿಗಮದ ಹೆಲಿಕಾಪ್ಟರನ್ನು ನೆಲಕ್ಕಿಳಿಸುವ ದಾರಿ ಕೆಳಹಂತದ ಒಂದು ಸಿವಿಲ್ ನ್ಯಾಯಾಲಯದಿಂದ ಆರಂಭವಾಯಿತೆಂಬುದನ್ನು ಕಾನೂನಿನ ವಿದ್ಯಾರ್ಥಿಗಳು ನೆನಪಿಡಬೇಕು.

2001ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು ಪಡ್ರೆಯ ನೀರು, ಮಣ್ಣು ಹಾಗೂ ಜನರ ರಕ್ತದ ಮಾದರಿಗಳಲ್ಲಿ ಎಂಡೋಸಲ್ಫಾನ್ ಇರುವುದನ್ನು ತೋರಿಸಿತು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯೂ ಅಧ್ಯಯನ ನಡೆಸಿತು. 2011ರ ಏಪ್ರಿಲಿನಲ್ಲಿ ಜಿನೀವಾದಲ್ಲಿ ನಡೆದ ಸ್ಟಾಕ್‌ಹೋಮ್ ಒಡಂಬಡಿಕೆಯ ಸಭೆ ಈ ಕೀಟನಾಶಕವನ್ನು ಜಾಗತಿಕ ನಿಷೇಧದ ಪಟ್ಟಿಗೆ ಸೇರಿಸಿತು. ಅದೇ ವರ್ಷ ಮೇ 13ರಂದು ಸುಪ್ರೀಂ ಕೋರ್ಟು ದೇಶದಾದ್ಯಂತ ಅದರ ತಯಾರಿ ಮತ್ತು ಮಾರಾಟವನ್ನು ತಡೆಹಿಡಿಯಿತು.

ಇಲ್ಲಿಗೆ ಹೋರಾಟ ಗೆದ್ದಿತೆಂದು ಅನೇಕರು ಭಾವಿಸಿದರು. ವಿಷ ನಿಂತದ್ದು ನಿಜ. ಆದರೆ ಅದಾಗಲೇ ನಷ್ಟವಾದುದಕ್ಕೆ ಯಾರು, ಯಾರಿಗೆ, ಎಷ್ಟು, ಎಂದು ಕೊಡಬೇಕೆಂಬ ಪ್ರಶ್ನೆ ಉಳಿದೇ ಇತ್ತು.

ಆದೇಶದಿಂದ ಆದೇಶಕ್ಕೆ

2010ರ ಡಿಸೆಂಬರ್ 31ರಂದು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು, ಮೃತರ ಕುಟುಂಬಕ್ಕೂ ಹಾಸಿಗೆ ಹಿಡಿದವರಿಗೂ ಬುದ್ಧಿಮಾಂದ್ಯರಿಗೂ ತಲಾ 5 ಲಕ್ಷ ರೂಪಾಯಿ, ಇತರ ವೈಕಲ್ಯವುಳ್ಳವರಿಗೆ 3 ಲಕ್ಷ ರೂಪಾಯಿ ಕೊಡಬೇಕೆಂದು ಶಿಫಾರಸು ಮಾಡಿತು. ಆಯೋಗದ ಮಾತು ಶಿಫಾರಸು ಮಾತ್ರ. ನ್ಯಾಯಾಲಯದ ಆಜ್ಞೆಯಂತೆ ಅದು ಸರಕಾರವನ್ನು ಕಟ್ಟಿಹಾಕುವುದಿಲ್ಲ. ಕೇರಳ ಸರಕಾರವು ಕಂತುಗಳಲ್ಲಿ ಹಣ ಕೊಡಲು ಆರಂಭಿಸಿತಾದರೂ ಎಲ್ಲರಿಗೂ ಅದು ತಲುಪಲಿಲ್ಲ.

2017ರ ಜನವರಿ 10ರಂದು ಮುಖ್ಯ ನ್ಯಾಯಮೂರ್ತಿ ಜೆ. ಎಸ್. ಖೇಹರ್ ಅವರ ನೇತೃತ್ವದ ಸುಪ್ರೀಂ ಕೋರ್ಟ್ ಪೀಠವು, ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿಯನ್ನು ಮೂರು ತಿಂಗಳೊಳಗೆ ಕೊಡಬೇಕೆಂದು ಕೇರಳ ಸರಕಾರಕ್ಕೆ ಆದೇಶಿಸಿತು. ಆ ಹಣವನ್ನು ಕೀಟನಾಶಕ ತಯಾರಕರಿಂದಲೋ ಕೇಂದ್ರ ಸರಕಾರದಿಂದಲೋ ವಸೂಲು ಮಾಡಿಕೊಳ್ಳುವ ಸ್ವಾತಂತ್ರ್ಯ ರಾಜ್ಯಕ್ಕಿತ್ತು. ಆದರೆ ಆ ವಸೂಲಿಗಾಗಿ ಸಂತ್ರಸ್ತರು ಕಾಯಬೇಕಾಗಿರಲಿಲ್ಲ. ಜೀವಮಾನದುದ್ದಕ್ಕೂ ವೈದ್ಯಕೀಯ ನೆರವು ಒದಗಿಸುವ ವಿಚಾರವೂ ಆ ಆದೇಶದಲ್ಲಿತ್ತು.

ಮೂರು ತಿಂಗಳು ಕಳೆದವು. ಐದು ವರ್ಷಗಳೂ ಕಳೆದವು. 2022ರ ಮೇ 13ರಂದು, ನಿಷೇಧದ ಆದೇಶ ಬಂದು ಸರಿಯಾಗಿ ಹನ್ನೊಂದು ವರ್ಷಗಳಾದ ದಿನ, ನ್ಯಾಯಮೂರ್ತಿ ಡಿ. ವೈ. ಚಂದ್ರಚೂಡ್ ಮತ್ತು ನ್ಯಾಯಮೂರ್ತಿ ಸೂರ್ಯಕಾಂತ್ ಅವರ ಪೀಠವು ನ್ಯಾಯಾಂಗ ನಿಂದನೆಯ ಅರ್ಜಿಯೊಂದನ್ನು ವಿಚಾರಿಸಿದಾಗ ತಿಳಿದ ಸಂಗತಿಯಿದು: 3,704 ಸಂತ್ರಸ್ತರಲ್ಲಿ 5 ಲಕ್ಷ ರೂಪಾಯಿ ದೊರೆತದ್ದು ಎಂಟು ಮಂದಿಗೆ. ಆ ಎಂಟು ಮಂದಿ ಯಾರು? ನಿಂದನೆಯ ಅರ್ಜಿ ಹಾಕಿದವರು. ನ್ಯಾಯಾಲಯದ ಬಾಗಿಲಿಗೆ ಬರಲು ಶಕ್ತರಾದವರಿಗೆ ಮಾತ್ರ ಏಕೆ ಕೊಟ್ಟಿರಿ ಎಂಬ ಪೀಠದ ಪ್ರಶ್ನೆಗೆ ಸಮರ್ಪಕ ಉತ್ತರವಿರಲಿಲ್ಲ. ಅವರಿಗೆ ತಲಾ 50,000 ರೂಪಾಯಿ ವೆಚ್ಚ ಕೊಡಬೇಕೆಂದೂ, ಮುಖ್ಯ ಕಾರ್ಯದರ್ಶಿಗಳು ತಿಂಗಳಿಗೊಮ್ಮೆ ಸಭೆ ಸೇರಿ ಪಟ್ಟಿ, ಪರಿಹಾರ ಮತ್ತು ಚಿಕಿತ್ಸೆಗಳ ಮೇಲ್ವಿಚಾರಣೆ ನಡೆಸಬೇಕೆಂದೂ ಪೀಠ ಆದೇಶಿಸಿತು. ಅದರ ಬಳಿಕವೇ ವಿತರಣೆಗೆ ವೇಗ ಬಂತು.

ಈ ಎಂಟು ಎಂಬ ಸಂಖ್ಯೆಯಲ್ಲಿ ಒಂದು ಕಹಿ ಪಾಠವಿದೆ. ಹಕ್ಕು ಎಲ್ಲರಿಗೂ ಒಂದೇ ಇತ್ತು. ತೀರ್ಪೂ ಎಲ್ಲರಿಗೂ ಒಂದೇ ಇತ್ತು. ಕೇಳಲು ಹೋದವರ ಕೈಗೆ ಮೊದಲು ಸಿಕ್ಕಿತು, ಮನೆಯಲ್ಲಿ ಕಾದವರು ಕಾಯುತ್ತಲೇ ಇದ್ದರು. ಹಾಗಿರಬಾರದಿತ್ತು ಎಂಬುದು ನ್ಯಾಯ. ಹಾಗಿದೆ ಎಂಬುದು ಅನುಭವ.

ಚೆರೋಕಿಗಳ ಎಪ್ಪತ್ತು ವರ್ಷ

ಇಂಥ ಕಾಯುವಿಕೆ ನಮ್ಮೂರಿಗೆ ಮಾತ್ರ ಬಂದದ್ದಲ್ಲ. ಹತ್ತೊಂಬತ್ತನೆಯ ಶತಮಾನದ ಅಮೆರಿಕದ ಒಂದು ಉದಾಹರಣೆಯನ್ನು ಗಮನಿಸಿದರೆ ನಮ್ಮ ಸಮಸ್ಯೆಯ ಸ್ವರೂಪ ಸ್ಪಷ್ಟವಾಗುತ್ತದೆ.

ಜಾರ್ಜಿಯಾ ಮತ್ತು ಅದರ ನೆರೆಯ ರಾಜ್ಯಗಳಲ್ಲಿ ಚೆರೋಕಿ ಎಂಬ ಮೂಲನಿವಾಸಿ ಜನಾಂಗವಿತ್ತು. ಹೊಲ, ಹಣ್ಣಿನ ತೋಟ, ಗಿರಣಿಗಳನ್ನು ಕಟ್ಟಿಕೊಂಡಿದ್ದ ಜನ. ಸಿಕ್ವೋಯ ಎಂಬಾತ 1821ರ ಸುಮಾರಿಗೆ ತಮ್ಮ ಮಾತಿಗೆ ಅಕ್ಷರಮಾಲೆಯನ್ನು ರೂಪಿಸಿದ್ದನು. 1828ರಲ್ಲಿ ಅವರದೇ ಭಾಷೆಯಲ್ಲೂ ಇಂಗ್ಲಿಷಿನಲ್ಲೂ ಪತ್ರಿಕೆ ಹೊರಟಿತು. ಅವರ ನೆಲದ ಮೇಲೆ ಜಾರ್ಜಿಯಾದ ಕಾನೂನು ಸಲ್ಲದೆಂದು 1832ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ತೀರ್ಪಿತ್ತಿತು. ಆ ತೀರ್ಪನ್ನು ಜಾರಿಗೊಳಿಸುವವರೇ ಇರಲಿಲ್ಲ. 1835ರಲ್ಲಿ ಜನಾಂಗದ ಒಂದು ಸಣ್ಣ ಗುಂಪಿನಿಂದ ಸಹಿ ಪಡೆದು, 50 ಲಕ್ಷ ಡಾಲರಿಗೆ ಇಡೀ ನೆಲವನ್ನು ಬಿಟ್ಟುಕೊಡುವ ಒಪ್ಪಂದವನ್ನು ಸರಕಾರ ಬರೆಸಿಕೊಂಡಿತು. ಮುಖ್ಯಸ್ಥ ಜಾನ್ ರಾಸ್ ಮತ್ತು ಸಾವಿರಾರು ಜನರ ವಿರೋಧವನ್ನು ಲೆಕ್ಕಿಸದೆ 1838ರಲ್ಲಿ ಸೈನಿಕರು ಅವರನ್ನು ಮನೆಗಳಿಂದ ಹೊರಡಿಸಿದರು. ಪಶ್ಚಿಮಕ್ಕೆ ಸಾಗಿದ ಸುಮಾರು 16,000 ಜನರಲ್ಲಿ 4,000 ಮಂದಿ ತೀರಿಕೊಂಡರೆಂದು ಅಂದಾಜು.

ಅಲ್ಲಿಂದ ಮುಂದೆ ನಡೆದದ್ದು ನಮಗೆ ಸಂಬಂಧಿಸಿದ ಭಾಗ. ಬಿಟ್ಟುಬಂದ ಮನೆ, ಕೊಟ್ಟಿಗೆ, ಹಂದಿ, ಪಾತ್ರೆ, ಪೀಚ್ ಮರಗಳಿಗೆ ಬೆಲೆ ಕೇಳಿ 1842ರಲ್ಲಿ ಕುಟುಂಬಗಳು ಹಕ್ಕುಪತ್ರಗಳನ್ನು ಸಲ್ಲಿಸಿದವು. ತಮ್ಮನ್ನು ಬಲವಂತವಾಗಿ ಸಾಗಿಸಿದ ಖರ್ಚನ್ನೂ ಸರಕಾರ ಆ 50 ಲಕ್ಷ ಡಾಲರಿನಲ್ಲೇ ಕಳೆದಿದೆಯೆಂಬುದು ಅವರ ದೊಡ್ಡ ದೂರು. 1846ರಲ್ಲಿ ಹೊಸ ಒಪ್ಪಂದವಾಯಿತು. 1851-52ರಲ್ಲಿ ಸ್ವಲ್ಪ ಹಣ ಹಂಚಿಕೆಯಾಯಿತು. ಲೆಕ್ಕ ಮುಗಿಯಲಿಲ್ಲ. ಜಾನ್ ರಾಸ್ 1866ರಲ್ಲಿ, ಮತ್ತೊಂದು ಒಪ್ಪಂದದ ಮಾತುಕತೆಗಾಗಿ ವಾಶಿಂಗ್ಟನ್ನಿನಲ್ಲಿದ್ದಾಗ, ಅಲ್ಲಿಯೇ ತೀರಿಕೊಂಡರು. 1905ರಲ್ಲಿ ಹಕ್ಕುಕೇಳಿಕೆಗಳ ನ್ಯಾಯಾಲಯವು ತಪ್ಪಾಗಿ ಕಳೆದ ಮೊತ್ತವನ್ನು 1838ರಿಂದ ಶೇಕಡಾ 5ರ ಬಡ್ಡಿಯೊಡನೆ ಕೊಡಬೇಕೆಂದು ತೀರ್ಮಾನಿಸಿತು. ಮರುವರ್ಷ ಸುಪ್ರೀಂ ಕೋರ್ಟು ಅದನ್ನು ಮುಖ್ಯವಾಗಿ ಎತ್ತಿಹಿಡಿಯಿತು.

ಆಗ ಎದುರಾದ ಪ್ರಶ್ನೆ, ಯಾರಿಗೆ ಕೊಡುವುದು? ಪಟ್ಟಿ ತಯಾರಿಸಲು ಗಯಾನ್ ಮಿಲ್ಲರ್ ಎಂಬ ಅಧಿಕಾರಿಯನ್ನು ನೇಮಿಸಲಾಯಿತು. 45,000ಕ್ಕೂ ಹೆಚ್ಚು ಅರ್ಜಿಗಳು ಬಂದವು. ಅವುಗಳಲ್ಲಿ ಸುಮಾರು 90,000 ಜನರ ಹೆಸರುಗಳಿದ್ದವು. ಪ್ರತಿಯೊಬ್ಬನೂ ತನ್ನ ತಂದೆತಾಯಿ, ಅಜ್ಜ ಅಜ್ಜಿಯರ ಹೆಸರು ಹೇಳಿ, ಅವು ಹಳೆಯ ಪಟ್ಟಿಗಳಲ್ಲಿ ಇವೆಯೆಂದು ತೋರಿಸಬೇಕಿತ್ತು. 1909ರಲ್ಲಿ ಪಟ್ಟಿ ಸಿದ್ಧವಾದಾಗ ಅದರಲ್ಲಿದ್ದವರು 30,254 ಮಂದಿ. ಪ್ರತಿಯೊಬ್ಬರಿಗೆ ಸಂದದ್ದು ಸುಮಾರು 133 ಡಾಲರ್. ಹೊರಡಿಸಲ್ಪಟ್ಟವರಲ್ಲಿ ಬಹುತೇಕರು ಅಷ್ಟು ಹೊತ್ತಿಗೆ ಮಣ್ಣಾಗಿದ್ದರು. ಪಡೆದವರು ಮಕ್ಕಳು, ಮೊಮ್ಮಕ್ಕಳು.

ಚೆರೋಕಿಗಳ ಸಂಕಟವೂ ಎಣ್ಮಕಜೆಯದೂ ಒಂದೇ ಎಂದು ನಾನು ಹೇಳುತ್ತಿಲ್ಲ. ಅವರನ್ನು ನೆಲದಿಂದ ಕಿತ್ತರು. ಇಲ್ಲಿನವರು ತಮ್ಮ ನೆಲದಲ್ಲೇ ಇದ್ದು ವಿಷವುಂಡರು. ಆದರೆ ಸರಕಾರದ ಮೇಲೆ ಸರಕಾರದ ಬಳಿಯೇ ಹಕ್ಕು ಸಾಧಿಸಬೇಕಾಗಿ ಬಂದಾಗ ಎರಡೂ ಕಡೆ ದಾರಿ ಒಂದೇ ತೆರನಾಗಿದೆ. ಮೊದಲು ಅನ್ಯಾಯವೆಂದು ಒಪ್ಪಿಸಬೇಕು, ಆಮೇಲೆ ಮೊತ್ತ ನಿಗದಿಯಾಗಬೇಕು, ಕೊನೆಗೆ ಪಟ್ಟಿ. ಹೆಚ್ಚಿನವರು ಸೋಲುವುದು ಈ ಮೂರನೆಯ ಮೆಟ್ಟಿಲಿನಲ್ಲಿ.

ಪಟ್ಟಿ ಎಂಬ ಬಾಗಿಲು

ಸಾಮಾನ್ಯ ಸಿವಿಲ್ ದಾವೆಯಲ್ಲಿ ಪರಿಹಾರ ಕೇಳುವವನು, ತನ್ನ ಕಾಯಿಲೆಗೆ ಇಂಥದೇ ಕಾರಣವೆಂದು ಸಾಕ್ಷ್ಯಸಹಿತ ಸಿದ್ಧಪಡಿಸಬೇಕು. ಒಂದು ಮಗುವಿನ ತಲೆಯ ಗಾತ್ರ ಅಸಹಜವಾಗಿ ಬೆಳೆದುದಕ್ಕೆ ಈ ಕೀಟನಾಶಕವೇ ಕಾರಣವೆಂದು ಒಬ್ಬ ಕೂಲಿಕಾರ ತಂದೆ ವಿಜ್ಞಾನಿಗಳ ಸಾಕ್ಷ್ಯ ತಂದು ಸಾಧಿಸುವುದು ಅಸಾಧ್ಯದ ಮಾತು. ಎಂಡೋಸಲ್ಫಾನ್ ಪ್ರಕರಣದಲ್ಲಿ ಆ ಹೊರೆಯನ್ನು ಸರಕಾರಿ ಪಟ್ಟಿಯು ಇಳಿಸಿತು. ಪೀಡಿತವೆಂದು ಮೊದಲು ಗುರುತಿಸಲಾದ 11 ಪಂಚಾಯತುಗಳಲ್ಲಿ ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ, ಬದಿಯಡ್ಕ, ಕಾರಡ್ಕ, ಮುಳಿಯಾರುಗಳೂ ಸೇರಿವೆ. ಇಲ್ಲಿನವರನ್ನು ವೈದ್ಯಕೀಯ ಶಿಬಿರಗಳಲ್ಲಿ ಪರೀಕ್ಷಿಸಿ ಪಟ್ಟಿಗೆ ಸೇರಿಸಲಾಯಿತು. ಪಟ್ಟಿಯಲ್ಲಿ ಹೆಸರಿದ್ದರೆ ಕಾರಣದ ವಾದ ಬೇಡ. ಇದು ದೊಡ್ಡ ಅನುಕೂಲ.

ಆದರೆ ಅದೇ ಅನುಕೂಲ ಹೆಸರಿಲ್ಲದವರಿಗೆ ಗೋಡೆಯಾಗುತ್ತದೆ. 2017ರ ಶಿಬಿರದ ಬಳಿಕ ನಡೆದ ಪರಿಶೀಲನೆಯಲ್ಲಿ 1,905 ಮಂದಿಯನ್ನು ಗುರುತಿಸಲಾಗಿತ್ತು. ಅಂತಿಮವಾಗಿ ಹೊರಬಂದ ಪಟ್ಟಿಯಲ್ಲಿದ್ದವರು 287. ತಾಯಂದಿರು ಮಕ್ಕಳನ್ನು ಎತ್ತಿಕೊಂಡು ತಿರುವನಂತಪುರದ ಸೆಕ್ರೆಟರಿಯೇಟಿನ ಮುಂದೆ ಕುಳಿತ ಮೇಲೆ ಇನ್ನಷ್ಟು ಮಕ್ಕಳ ಹೆಸರುಗಳು ಸೇರಿದವು. ಹೊರಗುಳಿದ 1,031 ಮಂದಿಯ ಪ್ರಶ್ನೆಗಾಗಿ 2024ರಲ್ಲೂ ಧರಣಿ ನಡೆಯಿತು. ಚೆರೋಕಿಗಳಲ್ಲಿ ಹೆಸರು ಕೊಟ್ಟವರು ಮೂವರಾದರೆ ಪಟ್ಟಿ ಸೇರಿದವನು ಒಬ್ಬ ಎಂಬುದನ್ನು ಇದರೊಡನೆ ಇಟ್ಟು ನೋಡಬಹುದು. ತಿರಸ್ಕೃತರೆಲ್ಲರೂ ಅನರ್ಹರೆಂದು ತಿಳಿಯಬೇಕಾಗಿಲ್ಲ. ಅವರಲ್ಲಿ ಅರ್ಹತೆಯಿದ್ದೂ ಕಾಗದವಿಲ್ಲದವರು ಇರುತ್ತಾರೆ.

ಮನೆಯ ಪೆಟ್ಟಿಗೆಯಲ್ಲಿ ಇರಬೇಕಾದದ್ದು

ವಕೀಲವೃತ್ತಿಯಲ್ಲಿ ನಾನು ಕಂಡಂತೆ ಗಡಿನಾಡ ಕನ್ನಡಿಗನ ಕಡತಕ್ಕೆ ಒಂದು ವಿಶೇಷ ತೊಡಕಿದೆ. ಅವನ ಹೆಸರು ಮೂರು ಲಿಪಿಗಳಲ್ಲಿ ಸಂಚರಿಸುತ್ತದೆ. ಶಾಲೆಯ ದಾಖಲೆಯಲ್ಲಿ ಕನ್ನಡ, ವಿಲೇಜ್ ಆಫೀಸಿನಲ್ಲಿ ಮಲಯಾಳ, ಆಧಾರ್ ಹಾಗೂ ಬ್ಯಾಂಕಿನಲ್ಲಿ ಇಂಗ್ಲಿಷ್. ಒಂದೊಂದು ಲಿಪಿಗೆ ದಾಟುವಾಗಲೂ ಒಂದಕ್ಷರ ಬದಲಾಗುತ್ತದೆ. ಮನೆತನದ ಹೆಸರು ಒಂದು ಕಡೆ ಮುಂದೆ, ಇನ್ನೊಂದು ಕಡೆ ಹಿಂದೆ, ಮತ್ತೊಂದು ಕಡೆ ಇಲ್ಲವೇ ಇಲ್ಲ. ಕಚೇರಿಯ ಗಣಕಯಂತ್ರಕ್ಕೆ ಅವರು ಇಬ್ಬರು ಬೇರೆ ವ್ಯಕ್ತಿಗಳು. ಆದುದರಿಂದ ಮಗುವನ್ನು ಶಾಲೆಗೆ ಸೇರಿಸುವ ದಿನವೇ ಜನನ ಪ್ರಮಾಣಪತ್ರದ ಅಕ್ಷರಗಳನ್ನು ನೋಡಿಕೊಂಡು ಎಲ್ಲ ಕಡೆಯೂ ಒಂದೇ ರೀತಿ ಬರೆಯಿಸಬೇಕು. ತಪ್ಪಿದ್ದರೆ ಅಗತ್ಯ ಬೀಳುವ ಮೊದಲೇ ತಿದ್ದಿಸಬೇಕು.

ಚಿಕಿತ್ಸೆಯ ಚೀಟಿಗಳನ್ನು ಎಸೆಯಬಾರದು. ಮಂಗಳೂರಿನ ಆಸ್ಪತ್ರೆಯದಾಗಲಿ, ಪೆರ್ಲದ ವೈದ್ಯರದಾಗಲಿ, ತಾರೀಕು ಇರುವ ಪ್ರತಿಯೊಂದು ಕಾಗದವೂ ಸಾಕ್ಷ್ಯ. ರೇಶನ್ ಕಾರ್ಡು ಮತ್ತು ತೆರಿಗೆ ರಸೀದಿಗಳು ಆ ಕುಟುಂಬ ಇಂಥ ವರ್ಷ ಇಲ್ಲಿ ವಾಸವಾಗಿತ್ತೆಂಬುದನ್ನು ಹೇಳುತ್ತವೆ. ಅಂಗವೈಕಲ್ಯದ ಪ್ರಮಾಣಪತ್ರವನ್ನು ಅವಧಿ ಮುಗಿಯುವ ಮೊದಲೇ ನವೀಕರಿಸಬೇಕು. ಸಲ್ಲಿಸಿದ ಪ್ರತಿ ಅರ್ಜಿಯ ನಕಲೂ, ಅದು ಸ್ವೀಕೃತವಾದುದಕ್ಕೆ ರಸೀದಿಯೂ ಮನೆಯಲ್ಲಿರಬೇಕು. ಬಾಯಿಮಾತಿನಲ್ಲಿ ಹೇಳಿ ಬಂದದ್ದು ಕಡತದಲ್ಲಿ ಉಳಿಯುವುದಿಲ್ಲ.

ಬುದ್ಧಿಮಾಂದ್ಯ, ಮೆದುಳಿನ ಪಾರ್ಶ್ವವಾಯು, ಆಟಿಸಂ ಅಥವಾ ಬಹುವಿಧ ವೈಕಲ್ಯವುಳ್ಳ ಮಗುವಿಗೆ 18 ವರ್ಷ ತುಂಬಿದೊಡನೆ ಕಾನೂನಿನ ದೃಷ್ಟಿಯಲ್ಲಿ ಅದು ವಯಸ್ಕ. ತಂದೆತಾಯಿಯರು ಆ ಬಳಿಕ ಅದರ ಪರವಾಗಿ ಸಹಿ ಮಾಡಬೇಕಾದರೆ 1999ರ ರಾಷ್ಟ್ರೀಯ ನ್ಯಾಸ ಕಾಯಿದೆಯಂತೆ, ಕಲೆಕ್ಟರರ ನೇತೃತ್ವದ ಸ್ಥಳೀಯ ಮಟ್ಟದ ಸಮಿತಿಯಿಂದ ಪೋಷಕತ್ವದ ನೇಮಕ ಪಡೆಯಬೇಕು. ಸಂತ್ರಸ್ತರು ತೀರಿಕೊಂಡಿದ್ದರೆ ಹಕ್ಕು ಅವರೊಡನೆ ತೀರುವುದಿಲ್ಲ. ವಾರಸುದಾರರು ತಹಶೀಲ್ದಾರರಿಂದ ಪ್ರಮಾಣಪತ್ರ ಪಡೆದು ಮುಂದುವರಿಯಬಹುದು.

ಅರ್ಜಿಗೆ ಉತ್ತರ ಬಾರದಿದ್ದರೆ 2005ರ ಮಾಹಿತಿ ಹಕ್ಕು ಕಾಯಿದೆಯಂತೆ ಅದು ಯಾವ ಮೇಜಿನಲ್ಲಿದೆಯೆಂದು ಕೇಳಬಹುದು. 30 ದಿನಗಳೊಳಗೆ ಉತ್ತರ ಕೊಡುವುದು ಅಧಿಕಾರಿಯ ಕರ್ತವ್ಯ. ವಕೀಲರಿಗೆ ಕೊಡಲು ಹಣವಿಲ್ಲವೆಂದು ಯಾರೂ ಹಿಂಜರಿಯಬೇಕಾಗಿಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯು ಮಹಿಳೆಯರು, ಮಕ್ಕಳು, ಅಂಗವಿಕಲರು, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವನ್ನು ಕೊಟ್ಟಿದೆ. ಕಾಸರಗೋಡಿನಲ್ಲಿ ಅದರ ಜಿಲ್ಲಾ ಪ್ರಾಧಿಕಾರವಿದೆ. 2022ರಲ್ಲಿ ಸುಪ್ರೀಂ ಕೋರ್ಟು ಇಲ್ಲಿನ ಚಿಕಿತ್ಸಾ ಸೌಲಭ್ಯಗಳ ಸ್ಥಿತಿ ತಿಳಿಯಲು ವರದಿ ಕೇಳಿದ್ದು ಅದೇ ಪ್ರಾಧಿಕಾರದಿಂದ.

ಇನ್ನು ಭಾಷೆ. ಸಂವಿಧಾನದ 350ನೆಯ ವಿಧಿಯಂತೆ, ಯಾವುದೇ ಕುಂದುಕೊರತೆಯ ನಿವಾರಣೆಗಾಗಿ ಒಕ್ಕೂಟದಲ್ಲಿ ಅಥವಾ ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಮನವಿ ಸಲ್ಲಿಸುವ ಹಕ್ಕು ಪ್ರತಿಯೊಬ್ಬನಿಗೂ ಇದೆ. ನಮ್ಮ ಶಾಲೆಗಳ ವಿಚಾರದಲ್ಲಿ ಪದೇ ಪದೇ ಉಲ್ಲೇಖಿಸುವ, ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣಕ್ಕೆ ಸಂಬಂಧಿಸಿದ 350ಎ ವಿಧಿ ಅದರ ಪಕ್ಕದಲ್ಲೇ ಇದೆ. ಕನ್ನಡದಲ್ಲಿ ಬರೆದ ಮನವಿಯನ್ನು ಭಾಷೆಯ ಕಾರಣಕ್ಕೆ ಹಿಂದಿರುಗಿಸುವಂತಿಲ್ಲ. ಆದರೂ ಮಲಯಾಳ ನಮೂನೆಯನ್ನು ಅರ್ಥಮಾಡಿಕೊಳ್ಳದೆ ಸಹಿ ಹಾಕುವುದು ನಮ್ಮಲ್ಲಿ ಇನ್ನೂ ನಡೆಯುತ್ತಿದೆ. ಓದಿ ಹೇಳುವವರಿಲ್ಲದ ಕಾಗದಕ್ಕೆ ಸಹಿ ಹಾಕದಿರುವುದು ಲೇಸು. ಹೈಸ್ಕೂಲಿಗೆ ಹೋಗುವ ಮಗ ಅಥವಾ ಮಗಳು ನೆರೆಯ ಅಜ್ಜಿಗೆ ಒಂದು ನಮೂನೆಯನ್ನು ಓದಿ ಹೇಳಿದರೆ ಅದು ಆ ಮಗುವಿಗೂ ಒಂದು ವಿದ್ಯೆ.

ಇನ್ನೂ ಬಾಕಿಯಿರುವುದು

5 ಲಕ್ಷ ರೂಪಾಯಿ ದೊಡ್ಡ ಮೊತ್ತವೆಂದು ಕೆಲವರಿಗೆ ತೋರಬಹುದು. ಹಾಸಿಗೆ ಬಿಟ್ಟೇಳಲಾಗದ ಒಂದು ಮಗುವಿನ 25 ವರ್ಷಗಳಿಗೆ ಅದನ್ನು ಹಂಚಿದರೆ ತಿಂಗಳಿಗೆ 1,700 ರೂಪಾಯಿಯೂ ಬಾರದು. ಮಗುವನ್ನು ನೋಡಿಕೊಳ್ಳುವ ತಾಯಿ ಕೂಲಿಗೆ ಹೋಗಲಾರಳು. ಆಕೆ ಕಳೆದುಕೊಂಡ ದುಡಿಮೆ ಯಾವ ಲೆಕ್ಕದಲ್ಲೂ ಇಲ್ಲ. ಆದುದರಿಂದಲೇ 2017ರ ತೀರ್ಪಿನ ಎರಡನೆಯ ಭಾಗವಾದ ಜೀವಮಾನದ ಚಿಕಿತ್ಸೆ, ಹಣದಷ್ಟೇ ಮುಖ್ಯ. ಎಣ್ಮಕಜೆಗೆ ಹತ್ತಿರದ ಉಕ್ಕಿನಡ್ಕದಲ್ಲಿ ಸರಕಾರಿ ಮೆಡಿಕಲ್ ಕಾಲೇಜಿಗೆ ಶಿಲಾನ್ಯಾಸವಾದದ್ದು 2013ರ ನವೆಂಬರಿನಲ್ಲಿ. ಅದರ ಹೊರರೋಗಿ ವಿಭಾಗ ತೆರೆಯಲು 2022 ಬರಬೇಕಾಯಿತು. ಈ ನಡುವೆ ಇಲ್ಲಿನ ರೋಗಿಗಳಿಗೆ ಮಂಗಳೂರೇ ಆಸರೆ. 2020ರಲ್ಲಿ ಕೊರೋನಾ ಕಾರಣಕ್ಕೆ ತಲಪಾಡಿಯ ಗಡಿ ಮುಚ್ಚಿದಾಗ ಆ ಆಸರೆ ಎಷ್ಟು ದುರ್ಬಲವೆಂಬುದು ಜಿಲ್ಲೆಗೇ ತಿಳಿಯಿತು.

ಗಡಿಯ ಆಚೆ ಬೆಳ್ತಂಗಡಿ ತಾಲೂಕಿನ ಕೊಕ್ಕಡ ಮೊದಲಾದ ಊರುಗಳಲ್ಲೂ ಗೇರುತೋಟಗಳಿಗೆ ಇದೇ ವಿಷ ಸಿಂಪಡಣೆಯಾಗಿತ್ತು. ಅಲ್ಲಿನವರಿಗೆ ಕರ್ನಾಟಕ ಸರಕಾರ ಮಾಸಾಶನ ಕೊಡುತ್ತಿದೆ. ಒಂದೇ ಗುಡ್ಡಸಾಲು, ಒಂದೇ ನುಡಿ, ಒಂದೇ ಕಾಯಿಲೆ. ಎರಡು ಸರಕಾರಗಳು, ಎರಡು ಪಟ್ಟಿಗಳು. ಎರಡೂ ಕಡೆಯವರು ತಮ್ಮ ಆದೇಶಗಳನ್ನು ಪರಸ್ಪರ ತಿಳಿದುಕೊಂಡರೆ, ಅಲ್ಲಿ ಸಿಕ್ಕಿದ್ದು ಇಲ್ಲೇಕಿಲ್ಲ ಎಂದು ಕೇಳುವ ಆಧಾರವಾದರೂ ದೊರಕುತ್ತದೆ.

1838ರಲ್ಲಿ ಹೊರಟವರ ಮೊಮ್ಮಕ್ಕಳು 1909ರ ಪಟ್ಟಿಯ ಬಳಿಕ ಹಣ ಪಡೆದರು. ಆ ಮೊಮ್ಮಕ್ಕಳಿಗೆ ದಾರಿಯಾದದ್ದು, ಅಜ್ಜ ಅಜ್ಜಿಯರ ಹೆಸರು ಯಾವುದೋ ಹಳೆಯ ಪಟ್ಟಿಯಲ್ಲಿ ಉಳಿದಿದ್ದುದು. ಎಣ್ಮಕಜೆಯ ಮಕ್ಕಳು ಅಷ್ಟು ಕಾಯುವಂತಾಗಬಾರದು. ಸರಕಾರದ ಕರ್ತವ್ಯವನ್ನು ನೆನಪಿಸುವ ಕೆಲಸ ನ್ಯಾಯಾಲಯದ್ದು, ಪತ್ರಿಕೆಯದು, ಸಂಘಟನೆಗಳದು. ಮನೆಯ ಕಾಗದಗಳನ್ನು ಒಂದು ಪೆಟ್ಟಿಗೆಯಲ್ಲಿ ಕ್ರಮವಾಗಿ ಜೋಡಿಸಿಡುವ ಕೆಲಸ ನಮ್ಮದು. ಈ ಭಾನುವಾರ ಮಕ್ಕಳನ್ನು ಜತೆಗೆ ಕೂರಿಸಿಕೊಂಡು ಆ ಕೆಲಸವನ್ನು ಆರಂಭಿಸಬಹುದು.